ಮನೆಗೊಂದು ಹಿಟ್ಟಿನ ಮಿಲ್ಲು: ಕೊಡಗಿನ ತೇವಕ್ಕೆ ಹೊಂದಿಸಿಕೊಳ್ಳುವ ಬಗೆ

ಮಿಲ್ಲು ಮನೆಗೆ ಬಂದ ಮೊದಲ ಜುಲೈಯಲ್ಲೇ ನಾನು ಅದನ್ನು ಹಾಳು ಮಾಡುವುದರಲ್ಲಿದ್ದೆ. ಕಡಂಬುಟ್ಟಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆಗೆ, ತರಿ (ಅಕ್ಕಿ ರವೆ) ಬೇಕಿತ್ತು. ಅಕ್ಕಿ ತೊಳೆದು, ಬಟ್ಟೆ ಮೇಲೆ ಹರಡಿ, ಫ್ಯಾನ್ ಹಾಕಿ ಮೂರು ಗಂಟೆ ಬಿಟ್ಟಿದ್ದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಸುರಿದೆ. ಎರಡು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಸದ್ದು ದಪ್ಪವಾಯಿತು, ಡಬ್ಬಕ್ಕೆ ಬೀಳುತ್ತಿದ್ದದ್ದು ನಿಂತೇ ಹೋಯಿತು. ಆಫ್ ಮಾಡಿ ಬಾಗಿಲು ತೆಗೆದರೆ ಜಾಲರಿಯ ತೂತೆಲ್ಲ ಮುಚ್ಚಿದೆ, ಗೋಡೆಗೆ ಗಾರೆ ಮೆತ್ತಿದ ಹಾಗೆ ಹಿಟ್ಟು ಮೆತ್ತಿಕೊಂಡಿದೆ. ಹಳೇ ಟೂತ್‌ಬ್ರಷ್ ಹಿಡಿದು ಅದನ್ನು ಬಿಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅತ್ತೆ ಬಂದು, ಉಳಿದ ಅಕ್ಕಿಯಲ್ಲಿ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. "ಕಟ್ ಅನ್ಲೇ ಇಲ್ವಲ್ಲ, ಇದು ಒಣಗಿಲ್ಲ" ಅಂದರು. ಅಷ್ಟೇ.

ಮಿಲ್ಲಿನ ಜೊತೆ ಬರುವ ಪುಸ್ತಕ ಬರೆದವರು ನಮ್ಮ ಕಡೆ ಮಳೆ ನೋಡಿರಲಿಕ್ಕಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು. ಇಂಥ ಕಡೆ ಮಿಲ್ಲು ಇಟ್ಟುಕೊಳ್ಳುವುದು ಹೇಗೆ ಅನ್ನುವುದನ್ನು ನಾಲ್ಕು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು

ಮನೆಯಲ್ಲಿ ಇಬ್ಬರೇ ಇದ್ದು, ಪೇಟೆಯ ಮಿಲ್ಲು ನಡೆದು ಹೋಗುವಷ್ಟು ಹತ್ತಿರ ಇದ್ದರೆ ಕೊಳ್ಳಲೇಬೇಡಿ. ಸುಮ್ನೆ ಜಾಗ ತಿನ್ನುತ್ತದೆ. ನಮ್ಮ ಹಾಗೆ ತೋಟದ ಮನೆ, ಪೇಟೆಗೆ ಹೋಗಬೇಕೆಂದರೆ ಜೀಪು ತೆಗೆಯಬೇಕು, ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ರೊಟ್ಟಿಯೋ ಪುಟ್ಟೋ ಆಗಲೇಬೇಕು ಅಂದರೆ ಉಪಯೋಗ ಇದೆ. ಇನ್ನೊಂದು ಕಾರಣವೂ ಇತ್ತು. ಪೇಟೆ ಮಿಲ್ಲಿನಲ್ಲಿ ನಮಗಿಂತ ಮುಂಚೆ ಯಾರಾದರೂ ಖಾರದ ಪುಡಿ ಮಾಡಿಸಿಕೊಂಡು ಹೋಗಿದ್ದರೆ ನಮ್ಮ ರಾಗಿ ಹಿಟ್ಟಿಗೂ ಘಾಟು.

ಮನೆ ಮಿಲ್ಲಿನಲ್ಲಿ ಎರಡು ಜಾತಿ. ಹೆಚ್ಚಾಗಿ ಸಿಗುವುದು ಬ್ಲೇಡಿನದು. ಸ್ಟೀಲ್ ಕೋಣೆಯೊಳಗೆ ಒಂದು ಕಟ್ಟರ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತಾ ಕಾಳನ್ನು ಬಡಿದು ಪುಡಿ ಮಾಡುತ್ತದೆ, ಸುತ್ತ ಇರುವ ಜಾಲರಿಯ ತೂತಿನಷ್ಟು ಸಣ್ಣ ಆದ ಮೇಲೆ ಪುಡಿ ಕೆಳಗೆ ಬೀಳುತ್ತದೆ. ಎರಡನೆಯದು ಕಲ್ಲಿನದು. ಎರಡು ಕಲ್ಲಿನ ನಡುವೆ ಕಾಳು ಅರೆಯುತ್ತದೆ, ಕಲ್ಲುಗಳ ಅಂತರ ಹೆಚ್ಚು ಕಡಿಮೆ ಮಾಡಿ ನುಣುಪು ತರಿ ಹೊಂದಿಸಬಹುದು. ತರಿ ಕಲ್ಲಿನದರಲ್ಲೇ ಚೆಂದ, ಅನುಮಾನ ಬೇಡ. ಆದರೆ ಅದು ಭಾರ, ತೇವದ ಕಾಳು ಹೋದರೆ ಕಲ್ಲಿಗೆ ಪದರ ಕಟ್ಟುತ್ತದೆ, ಬಿಚ್ಚಿ ಸ್ವಚ್ಛ ಮಾಡುವುದು ಎಲ್ಲರ ಕೈಲಿ ಆಗುವ ಕೆಲಸ ಅಲ್ಲ. ನಾವು ತಂದದ್ದು ಬ್ಲೇಡಿನದು, 1 ಎಚ್‌ಪಿ ಮೋಟಾರು.

ಅಂಗಡಿಯಲ್ಲಿ ಬಣ್ಣ, ಗಾಜಿನ ಬಾಗಿಲು, ಚಕ್ರ ಎಲ್ಲ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಮೂರೇ. ಜೊತೆಗೆ ಎಷ್ಟು ಜಾಲರಿ ಕೊಡುತ್ತೀರಿ, ಅದರಲ್ಲಿ ರವೆಯಷ್ಟು ದಪ್ಪದ್ದು ಇದೆಯಾ. ಬಾಗಿಲು ತೆಗೆದರೆ ಮೋಟಾರು ತಾನಾಗಿ ನಿಲ್ಲುತ್ತದಾ. ಕೆಟ್ಟರೆ ರಿಪೇರಿಗೆ ಬರುವವರು ಎಲ್ಲಿಂದ ಬರಬೇಕು. ಕೊನೇ ಪ್ರಶ್ನೆಗೆ "ಮೈಸೂರಿಂದ ಬರ್ತಾರೆ ಮೇಡಂ" ಅಂದರೆ ಮಳೆಗಾಲದಲ್ಲಿ ಯಾರೂ ಬರುವುದಿಲ್ಲ ಅಂತಲೇ ಲೆಕ್ಕ.

ಕರೆಂಟು

ಮಿಲ್ಲು ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ. 1 ಎಚ್‌ಪಿ ಅಂದರೆ 746 ವ್ಯಾಟ್. ಮೋಟಾರಿನಲ್ಲಿ ಹಾಳಾಗುವುದೂ ಸೇರಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್. ಆ ಖರ್ಚು ದೊಡ್ಡದಲ್ಲ. ಒಂದು ಗಂಟೆಯಲ್ಲಿ ಆರೇಳು ಕಿಲೋ ಗೋಧಿ ಹಿಟ್ಟಾಗುತ್ತದೆ. ತೊಂದರೆ ಇರುವುದು ಶುರುವಾಗುವ ಗಳಿಗೆಯಲ್ಲಿ. ಮೋಟಾರು ನಿಂತಲ್ಲಿಂದ ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೇ ಮೊಬೈಲ್ ಚಾರ್ಜಿಗೆ ಹಾಕುವ ಸಣ್ಣ ಪ್ಲಗ್ ಪಾಯಿಂಟು ಆಗುವುದಿಲ್ಲ. ಗೀಸರಿಗೆ ಇರುವಂಥ 16 ಆಂಪಿಯರ್ ಪಾಯಿಂಟು ಬೇಕು, ಅದಕ್ಕೆ 2.5 ಚದರ ಮಿಲಿಮೀಟರ್ ತಂತಿ, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್). ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಲೇಬೇಡಿ. ತೆಳು ತಂತಿಯಲ್ಲಿ ವೋಲ್ಟೇಜ್ ಇಳಿದು ಮೋಟಾರು ಬಿಸಿಯಾಗುತ್ತದೆ.

ಅರ್ಥಿಂಗ್ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಮೈಯೆಲ್ಲ ತಗಡಿನ ಯಂತ್ರ, ನಮ್ಮದು ತೇವದ ನೆಲ, ಅಡುಗೆಮನೆಯಲ್ಲಿ ಬರಿಗಾಲು. ನಮ್ಮ ಹಳೇ ಮನೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಮೂರನೇ ತೂತಿಗೆ ತಂತಿಯೇ ಇರಲಿಲ್ಲ! "ಅಕ್ಕ, ಇದು ಬರೀ ಅಲಂಕಾರಕ್ಕೆ" ಅಂತ ಎಲೆಕ್ಟ್ರಿಷಿಯನ್ ಹುಡುಗ ನಕ್ಕ. ಹೊಸದಾಗಿ ಗುಂಡಿ ತೋಡಿಸಿ ಹಾಕಿಸಿದ್ದಾಯಿತು. ಫೆಬ್ರವರಿ ಕಳೆದು ನೆಲ ಒಣಗಿದ ಮೇಲೆ ಆ ಗುಂಡಿಗೆ ಆಗಾಗ ಒಂದು ಬಕೆಟ್ ನೀರು ಹಾಕಬೇಕು.

ಲೈನಿನ ಕೊನೆಯಲ್ಲಿರುವ ಮನೆಗಳಿಗೆ ವೋಲ್ಟೇಜ್ ಗೋಳು ಗೊತ್ತೇ ಇದೆ. ಸಂಜೆ ಎಲ್ಲ ಮನೆಯಲ್ಲೂ ಲೈಟು ಹತ್ತಿದಾಗ ಇಳಿಯುತ್ತದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ ಪಂಪುಗಳು ಓಡುವಾಗ ಇನ್ನೂ ಇಳಿಯುತ್ತದೆ. ಇರಬೇಕಾದ್ದು 230. ಸಣ್ಣದೊಂದು ವೋಲ್ಟ್ ಮೀಟರ್ ಗೋಡೆಗೆ ಹಾಕಿಸಿಕೊಳ್ಳಿ, 200ಕ್ಕಿಂತ ಕೆಳಗಿದ್ದರೆ ಮಿಲ್ಲು ಮುಟ್ಟಬೇಡಿ. ನಾವು ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೇ ಬೀಸಿ ಮುಗಿಸುತ್ತೇವೆ. ಸ್ಟೆಬಿಲೈಜರ್ ಹಾಕುವುದಾದರೆ ಫ್ರಿಜ್ಜಿನದು ಸಾಲದು, ಮೋಟಾರು ಏಳುವಾಗಿನ ಎಳೆತ ತಡೆಯುವ ದೊಡ್ಡದೇ ಬೇಕು. ಮನೆಯ ಮಾಮೂಲಿ ಇನ್ವರ್ಟರಿನಲ್ಲಿ ಓಡಿಸುವ ಯೋಚನೆ ಬಿಟ್ಟುಬಿಡಿ.

ಎಲ್ಲಿ ಇಡುವುದು

ಒಲೆಯ ಹತ್ತಿರ ಬೇಡ, ಸೌದೆ ಒಲೆಯಾಗಲಿ ಗ್ಯಾಸ್ ಆಗಲಿ. ಅನ್ನದ ಹಬೆ ಒಂದು ಕಾರಣ. ಗಾಳಿಯಲ್ಲಿ ಹಾರುವ ಹಿಟ್ಟಿನ ಧೂಳಿಗೆ ಬೆಂಕಿ ಹತ್ತುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಕಾಫಿ, ಮೆಣಸು ಮೂಟೆ ಇಡುವ ಕೋಣೆಯೂ ಬೇಡ, ಹಿಟ್ಟಿಗೆ ವಾಸನೆ ಹಿಡಿಯುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಒಂದಡಿ ಬಿಡಿ. ಮಳೆಗಾಲದಲ್ಲಿ ನಮ್ಮ ಗೋಡೆಗಳು ಬೆವರುತ್ತವಲ್ವಾ? ಆ ನೀರು ಮೋಟಾರಿನ ಬೆನ್ನಿಗೇ ತಾಗುತ್ತದೆ. ಕೆಳಗೆ ಗಟ್ಟಿ ಹಲಗೆ ಹಾಕಿ, ನಾಲ್ಕೂ ಕಾಲು ಅಲ್ಲಾಡದ ಹಾಗೆ ಕೂರಿಸಿ. ಅಲ್ಲಾಡಿದರೆ ಸದ್ದು ಜಾಸ್ತಿ, ಬೋಲ್ಟು ಸಡಿಲ.

ಮೊದಲ ದಿನ

ಪ್ಲಗ್ ಹಾಕದೆ ಬಾಗಿಲು ತೆಗೆಯಿರಿ. ಒಳಗಿನ ಎಣ್ಣೆ ಪಸೆ, ಧೂಳು ಒಣ ಬಟ್ಟೆಯಲ್ಲಿ ಒರೆಸಿ. ಕಟ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿ, ಎಲ್ಲೂ ತಾಗದೆ ಸಲೀಸಾಗಿ ಸುತ್ತಬೇಕು. ಜಾಲರಿ ಸರಿಯಾಗಿ ಕೂತಿದೆಯಾ ನೋಡಿ ಬಾಗಿಲು ಹಾಕಿ. ಖಾಲಿ ಎರಡು ನಿಮಿಷ ಓಡಿಸಿ. ಆಮೇಲೆ ಅಗ್ಗದ ಅಕ್ಕಿ ಒಂದು ಕಿಲೋ ಬೀಸಿ, ಆ ಹಿಟ್ಟು ಕೋಳಿಗೋ ಹಸುವಿಗೋ ಹಾಕಿಬಿಡಿ. ಅದರ ಬಣ್ಣ ಬೂದು ಇದ್ದರೆ ಇನ್ನೊಂದು ಕಿಲೋ.

ಒಣಗಿಸುವುದು

ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಸುವ ಈ ಕೆಲಸವೇ ನಮ್ಮಲ್ಲಿ ಮುಕ್ಕಾಲು ಕೆಲಸ. ಮಿಲ್ಲು ಬೀಸುವುದು ಹತ್ತು ನಿಮಿಷ, ಅದಕ್ಕೆ ಕಾಳು ತಯಾರಾಗಲು ಎರಡು ದಿನ.

ಕಾಳು ಗಾಳಿಯ ತೇವ ಕುಡಿಯುತ್ತದೆ. ಅಂಗಡಿಯಿಂದ ಒಣಗಿದ್ದೇ ತಂದರೂ ಜುಲೈಯಲ್ಲಿ ಚೀಲದ ಬಾಯಿ ತೆರೆದಿಟ್ಟರೆ ವಾರದೊಳಗೆ ಮೆತ್ತಗಾಗುತ್ತದೆ. ಹಾಗಾಗಿ ಮಳೆಗಾಲದ ಗೋಧಿ, ರಾಗಿಯನ್ನು ನಾವು ಏಪ್ರಿಲ್‌ನಲ್ಲೇ ತಂದು, ಎರಡು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಗಾಳಿಯಾಡದ ತಗಡಿನ ಡಬ್ಬಗಳಿಗೆ ತುಂಬುತ್ತೇವೆ. ಕಾಫಿ ಒಣಗಿಸಿದ ಕಣದಲ್ಲೇ ಹರಡುವುದಾದರೆ ಕೆಳಗೆ ದಪ್ಪ ಬಟ್ಟೆ ಹಾಸಿ, ಕಾಫಿ ಸಿಪ್ಪೆಯ ವಾಸನೆ ಬೇಗ ಬಿಡುವುದಿಲ್ಲ. ಮೊರದಲ್ಲಿ ಕೇರಿ, ಕಲ್ಲು ಆರಿಸಿ. ಆಮೇಲೆ ಒಂದು ಅಯಸ್ಕಾಂತ ಕಾಳಿನೊಳಗೆ ಆಡಿಸಿ. ನಮಗೆ ಒಮ್ಮೆ ಸಣ್ಣ ಮೊಳೆ ಸಿಕ್ಕಿತ್ತು. ಅದೇನಾದರೂ ಒಳಗೆ ಹೋಗಿದ್ದರೆ ಜಾಲರಿ ಹರಿದೇ ಹೋಗುತ್ತಿತ್ತು. ಗೋಣಿಯ ನಾರನ್ನೂ ನೋಡಿ ತೆಗೆಯಬೇಕು, ಅದು ಕಟ್ಟರಿಗೆ ಸುತ್ತಿಕೊಳ್ಳುತ್ತದೆ.

ತೊಳೆದ ಅಕ್ಕಿಯದು ಬೇರೆ ಕತೆ. ಬಿಸಿಲು ಇದ್ದರೆ ಒಂದು ದಿನ. ಮಳೆಯಲ್ಲಿ ಫ್ಯಾನ್ ಮಾತ್ರ ನಂಬಬೇಡಿ, ಅದು ತೇವದ ಗಾಳಿಯನ್ನೇ ತಿರುಗಿಸುತ್ತದೆ. ನಾವು ಮಾಡುವುದು ಹೀಗೆ: ನೀರು ಬಸಿದು, ಬಟ್ಟೆಯಲ್ಲಿ ಒರೆಸಿದ ಹಾಗೆ ಉಜ್ಜಿ, ತೆಳ್ಳಗೆ ಹರಡಿ ಒಂದು ರಾತ್ರಿ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಬೆಳಿಗ್ಗೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದ ಹಾಗೆ ಕೈಯಾಡಿಸುತ್ತೇವೆ. ಕೈಗೆ ಬಿಸಿ ತಾಗಿದರೆ ಸಾಕು, ಹುರಿಯಬಾರದು. ಆಮೇಲೆ ಪೂರ್ತಿ ಆರಬೇಕು. ಬಿಸಿ ಕಾಳು ಮಿಲ್ಲಿಗೆ ಹಾಕಿದರೆ ಅದರ ಹಬೆಗೇ ಜಾಲರಿ ಕಟ್ಟುತ್ತದೆ. ಸೌದೆ ಒಲೆ ಇಲ್ಲದವರು ಅಟ್ಟದ ಬದಲು ಬಾಣಲೆಯಲ್ಲೇ ಎರಡು ಸಲ ಮಾಡಿ, ನಡುವೆ ಆರಲು ಬಿಡಿ.

ಸಾಕಾಯಿತಾ ಅಂತ ನೋಡಲು ಅತ್ತೆಯ ಹಲ್ಲು ಒಂದು ಮಾನ. ಕಾಳು ಕಚ್ಚಿದರೆ ಕಟ್ ಅಂತ ಎರಡಾಗಬೇಕು, ಹಲ್ಲಿಗೆ ಅಂಟಬಾರದು. ಇನ್ನೊಂದು ಉಪ್ಪಿನ ಪರೀಕ್ಷೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಚೆನ್ನಾಗಿ ಒಣಗಿಸಿ ಆರಿಸಿ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಉಪ್ಪು ಹಾಕಿ ಮುಚ್ಚಿ, ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದ್ದರೆ ಕಾಳಿನ ತೇವ ಶೇ. 15ಕ್ಕಿಂತ ಜಾಸ್ತಿ, ಮಿಲ್ಲಿನ ಹತ್ತಿರವೂ ತರಬೇಡಿ. ಉಪ್ಪು ಉದುರಾಗಿದ್ದರೂ ಹಲ್ಲಿನ ಪರೀಕ್ಷೆ ಪಾಸಾಗಬೇಕು. ನಾನು ಎರಡನ್ನೂ ಮಾಡುತ್ತೇನೆ, ಅತ್ತೆ ಉಪ್ಪು ದಂಡ ಅಂತಾರೆ.

ಬೀಸುವ ಕ್ರಮ

ಇದು ಅಭ್ಯಾಸವಾಗುವವರೆಗೆ ಬರೆದು ಮಿಲ್ಲಿನ ಬಾಗಿಲಿಗೆ ಅಂಟಿಸಿ.

1. ಬೇಕಾದ ಜಾಲರಿ ಹಾಕಿ. ನಂಬರು ಸಣ್ಣದಾದಷ್ಟೂ ಹಿಟ್ಟು ನುಣ್ಣಗೆ. ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ಒಮ್ಮೆ ಬೀಸಿ ನೋಡಿ ನಿಮ್ಮದೇ ಗುರುತು ಮಾಡಿಕೊಳ್ಳಿ.
2. ಕೆಳಗೆ ಡಬ್ಬ ಇಟ್ಟು, ಅದರ ಬಾಯಿಗೆ ಬಟ್ಟೆ ಬಿಗಿ ಮಾಡಿ. ಗಾಳಿ ಹೊರಗೆ ಹೋಗುವುದು ಆ ಬಟ್ಟೆಯಿಂದಲೇ. ಅದು ಹಿಟ್ಟು ಮೆತ್ತಿ ಗಟ್ಟಿಯಾಗಿದ್ದರೆ ಒಳಗೆ ಬಿಸಿ ಏರುತ್ತದೆ.
3. ಮೇಲಿನ ತೊಟ್ಟಿಯ ಬಾಯಿ ಮುಚ್ಚಿರುವಾಗಲೇ ಮೋಟಾರು ಹಾಕಿ. ಪೂರ್ತಿ ವೇಗಕ್ಕೆ ಬಂದ ಮೇಲೆ ಕಾಳು ಬಿಡಿ, ಮೊದಲು ಸ್ವಲ್ಪ, ಆಮೇಲೆ ಜಾಸ್ತಿ.
4. ಕಾಳು ಮುಗಿದ ಮೇಲೂ ಒಂದು ನಿಮಿಷ ಖಾಲಿ ಓಡಲಿ. ಆಮೇಲೆ ಆಫ್.

ನಡುವೆ ಕರೆಂಟು ಹೋದರೆ? ಹೋಗಿಯೇ ಹೋಗುತ್ತದೆ, ಜೂನ್ ಜುಲೈಯಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ತಕ್ಷಣ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ತೊಟ್ಟಿ ಮುಚ್ಚಿ, ಒಳಗಿನ ಕಾಳನ್ನು ಕೈಯಲ್ಲಿ ತೆಗೆದುಬಿಡಿ. ಹಾಗೇ ಬಿಟ್ಟರೆ ಕರೆಂಟು ಬಂದಾಗ ಮೋಟಾರು ಆ ಭಾರ ಹೊತ್ತು ಏಳಲಾರದೆ ಗುಂಯ್ ಅಂತ ನಿಂತು ಸುಡುತ್ತದೆ.

ಮೂರು ನಾಲ್ಕು ಬಗೆ ಒಂದೇ ದಿನ ಬೀಸುವುದಾದರೆ ಬಿಳಿಯದು ಮೊದಲು: ಅಕ್ಕಿ, ಗೋಧಿ, ಕಡ್ಲೆಬೇಳೆ, ಕೊನೆಗೆ ರಾಗಿ. ಉಲ್ಟಾ ಮಾಡಿದರೆ ಅಕ್ಕಿ ರೊಟ್ಟಿ ಕಂದು ಬಣ್ಣ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಹಿಡಿ ಮುಂದಿನ ಕಾಳು ಬೀಸಿ ಆ ಹಿಟ್ಟು ಬೇರೆ ತೆಗೆದಿಡಿ.

ತರಿ

ಕೊಡಗಿನವರು ಮಿಲ್ಲು ಕೊಳ್ಳುವುದು ಚಪಾತಿಗೆ ಅಲ್ಲ, ನಿಜ ಹೇಳಿ. ಪಾಪುಟ್ಟಿಗೆ, ಕಡಂಬುಟ್ಟಿಗೆ ತರಿ ಬೇಕು, ಅದರಲ್ಲೂ ಸೆಪ್ಟೆಂಬರ್ ಶುರುವಿನಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಸೇರುಗಟ್ಟಲೆ. ಬ್ಲೇಡಿನ ಮಿಲ್ಲಿನಲ್ಲಿ ಎಷ್ಟು ದಪ್ಪ ಜಾಲರಿ ಹಾಕಿದರೂ ತರಿಯ ಜೊತೆ ಹಿಟ್ಟು ಬಂದೇ ಬರುತ್ತದೆ. ಬಡಿದು ಒಡೆಯುವ ಯಂತ್ರ ಅದು, ಏನು ಮಾಡೋದು. ಆ ಹಿಟ್ಟು ತರಿಯಲ್ಲೇ ಉಳಿದರೆ ಕಡಂಬುಟ್ಟು ಅಂಟಂಟು, ಬೆಂದ ಮೇಲೆ ಚೆಂಡಿನ ಹಾಗೆ ಗಟ್ಟಿ. ನುಣ್ಣನೆ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಕೆಳಗೆ ಬಿದ್ದದ್ದು ಅಕ್ಕಿ ರೊಟ್ಟಿಗೆ. ಮೇಲೆ ಉಳಿದದ್ದು ತರಿ, ಅದರಲ್ಲಿ ದಪ್ಪ ನುಚ್ಚು ಇದ್ದರೆ ಗಂಜಿಗೆ. ಅಕ್ಕಿ ಚೆನ್ನಾಗಿ ಒಣಗಿದ್ದರೆ ಕಾಳು ಚೂರಾಗಿ ಒಡೆಯುತ್ತದೆ, ತೇವ ಇದ್ದರೆ ಪುಡಿ ಜಾಸ್ತಿ. ತರಿಗೆ ದಪ್ಪಕ್ಕಿಯೇ ಸರಿ, ಸಣ್ಣಕ್ಕಿಯನ್ನು ಅನ್ನಕ್ಕೆ ಇಟ್ಟುಕೊಳ್ಳಿ.

ಸುಗ್ಗಿ ಹಬ್ಬ ಪುತ್ತರಿಯ ಸಿಹಿ ತಂಬುಟ್ಟಿಗೆ ಕುಚ್ಚಲಕ್ಕಿ ಹುರಿದು ಹಿಟ್ಟು ಮಾಡುತ್ತೇವಲ್ಲ, ಅದಕ್ಕೆ ನುಣ್ಣನೆ ಜಾಲರಿ. ಹುರಿದದ್ದನ್ನು ಆರಿದ ಕೂಡಲೇ ಬೀಸಬೇಕು. ಸಂಜೆಗೆ ಬೀಸೋಣ ಅಂತ ತೆರೆದಿಟ್ಟರೆ ಅದು ಮತ್ತೆ ತೇವ ಎಳೆದುಕೊಂಡಿರುತ್ತದೆ.

ಮಿಲ್ಲಿಗೆ ಹಾಕಬಾರದ್ದು

ಎಳ್ಳು, ಕಡ್ಲೆಕಾಯಿ ಬೀಜ, ಸಾಸಿವೆ, ಒಣ ಕೊಬ್ಬರಿ ಇವು ಎಣ್ಣೆ ಬಿಟ್ಟು ಜಾಲರಿ ಮುಚ್ಚುತ್ತವೆ. ಸೋಯಾ ಹಾಕಬೇಕೆಂದರೆ ಹತ್ತು ಕಿಲೋ ಗೋಧಿಗೆ ಒಂದು ಕಿಲೋದಂತೆ ಬೆರೆಸಿ. ಅರಿಸಿನ ಕೊಂಬು ಬೇಡ, ಜಾಲರಿ ಒಡೆಯುತ್ತದೆ. ಪಂದಿ ಕರಿಯ (ಹಂದಿ ಮಾಂಸದ ಪಲ್ಯ) ಮಸಾಲೆ ಮಿಕ್ಸಿಯಲ್ಲೇ ಆಗಲಿ. ಕಾಫಿ ಬೀಜ? ಮನೆಯಲ್ಲೇ ಬೆಳೆದದ್ದು, ಮನೆಯಲ್ಲೇ ಹುರಿದದ್ದು, ಮಿಲ್ಲೂ ಇದೆ, ಆಸೆ ಆಗುತ್ತದೆ. ನಮ್ಮ ಯಜಮಾನರು ನಾನಿಲ್ಲದಾಗ ಕಾಲು ಕಿಲೋ ಹಾಕಿದ್ದರು. ಹದಿನೈದು ದಿನ ನೂಲ್ಪುಟ್ಟಿಗೂ (ಅಕ್ಕಿ ಶ್ಯಾವಿಗೆ) ಕಾಫಿ ಘಮ.

ಹಿಟ್ಟು ಇಡುವುದು

ಬೀಸಿದ ಹಿಟ್ಟು ಬಿಸಿ ಇರುತ್ತದೆ. ಬಿಸಿಯಲ್ಲೇ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟಿ ಮುಗ್ಗಲು ಹಿಡಿಯುತ್ತದೆ. ಬೇಸಿಗೆಯಲ್ಲಿ ಅಗಲ ತಟ್ಟೆಯಲ್ಲಿ ಹರಡಿ ಒಂದು ಗಂಟೆ ಬಿಡಿ. ಮಳೆಯಲ್ಲಿ ಅಷ್ಟು ಹೊತ್ತು ಬೇಡ, ಬಿಸಿ ಹೋದ ತಕ್ಷಣ ತುಂಬಿ. ಮನೆ ಗೋಧಿ ಹಿಟ್ಟಿನಲ್ಲಿ ತವುಡು, ಮೊಳಕೆ ಭಾಗ ಎಲ್ಲ ಇರುವುದರಿಂದ ಅದರ ಎಣ್ಣೆ ಬೇಗ ಕೆಡುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಬೀಸಿ. ಉಳಿದದ್ದು ಕಾಳಾಗಿಯೇ ಇರಲಿ.

ಆರೈಕೆ, ತೊಂದರೆ

ಪ್ರತಿ ಸಲ ಮುಗಿದ ಮೇಲೆ ಪ್ಲಗ್ ತೆಗೆದು ಬ್ರಷ್‌ನಲ್ಲಿ ಗುಡಿಸಿ. ನೀರು ತಾಗಿಸಬೇಡಿ. ಮೂಲೆಯಲ್ಲಿ ಒಂದು ಚಮಚ ಹಿಟ್ಟು ಉಳಿದರೂ ಜುಲೈಯಲ್ಲಿ ಹುಳವಾಗುತ್ತದೆ. ಬಟ್ಟೆ ಚೀಲ ಒಗೆದರೆ ಪೂರ್ತಿ ಒಣಗದೆ ಹಾಕಬೇಡಿ, ಎರಡು ಜೊತೆ ಇಟ್ಟುಕೊಂಡರೆ ಒಳ್ಳೆಯದು. ಮಿಲ್ಲಿನ ಮೇಲೆ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ತೇವ ಕಟ್ಟುತ್ತದೆ, ಹಳೇ ಹತ್ತಿ ಸೀರೆ ಸಾಕು. ಬೀಸುವುದು ಇಲ್ಲದಿದ್ದರೂ ವಾರಕ್ಕೊಮ್ಮೆ ಹತ್ತು ನಿಮಿಷ ಖಾಲಿ ಓಡಿಸಿ, ಮೋಟಾರು ಆ ಬಿಸಿಗೆ ಒಣಗುತ್ತದೆ. ಏಪ್ರಿಲ್ ಮೇ ಗುಡುಗು ಶುರುವಾದ ಕೂಡಲೇ ಪ್ಲಗ್ ಹೊರಗೆ. ಇಲಿ ಕೂಡ ನೋಡಿಕೊಳ್ಳಿ. ಹಿಟ್ಟಿನ ವಾಸನೆಗೆ ಬಂದು ಕೊನೆಗೆ ವಯರು ಕಡಿಯುತ್ತದೆ.

ಸ್ವಿಚ್ ಹಾಕಿದರೆ ಏನೂ ಸದ್ದಿಲ್ಲವೇ? ಬಾಗಿಲು ಸರಿಯಾಗಿ ಮುಚ್ಚಿಲ್ಲದಿರಬಹುದು, ಇಲ್ಲವೇ ಓವರ್‌ಲೋಡ್ ಬಟನ್ ಹೊರಗೆ ಬಂದಿರುತ್ತದೆ. ಅರ್ಧ ಗಂಟೆ ಆರಲು ಬಿಟ್ಟು ಒತ್ತಿ. ಗುಂಯ್ ಅಂದು ತಿರುಗದಿದ್ದರೆ ಮೂರು ಸೆಕೆಂಡಿನೊಳಗೆ ಆಫ್ ಮಾಡಿ. ಮೊದಲು ವೋಲ್ಟ್ ಮೀಟರ್ ನೋಡಿ. ಅದು ಸರಿ ಇದ್ದರೆ ಪ್ಲಗ್ ತೆಗೆದು ಒಳಗೆ ಕಾಳು ಸಿಕ್ಕಿಕೊಂಡಿದೆಯಾ ನೋಡಿ. ಕಟ್ಟರ್ ಕೈಯಲ್ಲಿ ಸಲೀಸಾಗಿ ತಿರುಗಿಯೂ ಮೋಟಾರು ಏಳದಿದ್ದರೆ ಬಹುಮಟ್ಟಿಗೆ ಕೆಪಾಸಿಟರ್ ಹೋಗಿರುತ್ತದೆ. ಅದು ಸಣ್ಣ ಸಾಮಾನು, ಹೆಚ್ಚು ದುಡ್ಡಿನದಲ್ಲ, ಆದರೆ ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು. ಪಂಪ್‌ಸೆಟ್ ರಿಪೇರಿ ಮಾಡುವವರೇ ಬದಲಾಯಿಸಿಕೊಡುತ್ತಾರೆ, ಕಂಪನಿಯವರಿಗೆ ಕಾಯಬೇಕಿಲ್ಲ. ಹಿಟ್ಟಿನಲ್ಲಿ ಇದ್ದಕ್ಕಿದ್ದ ಹಾಗೆ ಇಡೀ ಕಾಳು ಕಂಡರೆ ಜಾಲರಿ ಹರಿದಿದೆ. ಆ ಹಿಟ್ಟಿಗೆ ಅಯಸ್ಕಾಂತ ಆಡಿಸಿ ನೋಡಬಹುದು, ಆದರೆ ಕೆಲವು ಸ್ಟೀಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಚೆಲ್ಲುವುದೇ ವಾಸಿ. ಹೆಚ್ಚು ಬಳಸುವ ಎರಡು ಜಾಲರಿಗಳ ಇನ್ನೊಂದು ಜೊತೆಯನ್ನು ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ. ನಮ್ಮದು ಅಕ್ಕಿ ಡಬ್ಬದ ಮೇಲೆ, ಕಾಗದದಲ್ಲಿ ಸುತ್ತಿ, ಅತ್ತೆಯ ಜರಡಿಯ ಪಕ್ಕದಲ್ಲಿ ಇದೆ.